ಕೊನೆಯ ಮಡಿಕೆ

ನೆಲದಿಂದ ನಾಲ್ಕು ಬೆರಳು ಮೇಲೆ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಹೆಡ್‌ಮಿಸ್ಟ್ರೆಸ್ಸರು ನನಗೆ ಹೇಳಿದ್ದು ಇಷ್ಟೆ. ಬರುವ ಶನಿವಾರ ಹಾಸನದಿಂದ ಇನ್‌ಸ್ಪೆಕ್ಟ್ರೆಸ್ ಬರುತ್ತಾರೆ, ಹುಡುಗಿಯರೆಲ್ಲ ಅಂಗಳದಲ್ಲಿ ಸಾಲಾಗಿ ನಿಂತು ಕವಾಯತು ಮಾಡಬೇಕು, ಆಗ ಅಷ್ಟೂ ಲಂಗಗಳ ಅಂಚು ದಾರ ಹಿಡಿದು ಗೆರೆ ಎಳೆದ ಹಾಗೆ ಕಾಣಬೇಕು. ಒಂದು ಮೇಲೆ ಒಂದು ಕೆಳಗೆ ಆದರೆ ಅದು ಹೊಲಿಗೆ ಟೀಚರ ತಪ್ಪು. ಹೊಲಿಗೆ ಟೀಚರು ನಾನೇ. ಹೊಳೆನರಸೀಪುರದ ಆ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿಗೆ ಬಂದು ವರ್ಷ ತುಂಬಿರಲಿಲ್ಲ. ಕೆಲಸ ಕಾಯಂ ಆಗುವುದು ಬಿಡುವುದು ಈ ತನಿಖೆಯ ಮೇಲೆ ನಿಂತಿತ್ತು.

ನಾನು ಸುಮ್ಮನೆ ಕೂರುವ ಪೈಕಿಯವಳಲ್ಲ. ಮಾಡಲು ಏನೂ ಇಲ್ಲದಿದ್ದರೆ ಸೆರಗಿನ ತುದಿಯ ನೂಲನ್ನಾದರೂ ಕೀಳುತ್ತಿರುತ್ತೇನೆ. ಇವಳ ಕೈಗೆ ಇರುವೆ ಹತ್ತಿದೆ ಎಂದು ನಮ್ಮಮ್ಮ ಅನ್ನುತ್ತಿದ್ದಳು. ಹೆಡ್‌ಮಿಸ್ಟ್ರೆಸ್ಸರ ಮಾತು ಕೇಳಿದ ಗಳಿಗೆಯಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒಂದು ಬಿದಿರು ಕಡ್ಡಿಗೆ ನಾಲ್ಕು ಬೆರಳಿನ ಗುರುತು ಹಾಕಿಕೊಂಡು ತರಗತಿಯಿಂದ ತರಗತಿಗೆ ಓಡಾಡಿ ಹುಡುಗಿಯರ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು ಅಳೆದೆ. ಮೂರು ಬೆರಳು, ಆರು ಬೆರಳು, ಎಂಟು ಬೆರಳು, ಒಬ್ಬಳದಂತೂ ನೆಲ ಗುಡಿಸುತ್ತಿತ್ತು.

ಹೊಸ ಬಟ್ಟೆ ತರುವ ಮಾತೇ ಇರಲಿಲ್ಲ. ಯುದ್ಧದ ಕಾಲ. ಬಟ್ಟೆಗೆ ಕಂಟ್ರೋಲು ಬಂದು ಕಾರ್ಡಿಲ್ಲದೆ ಒಂದು ಗಜ ಮಲ್ಲು ಬಟ್ಟೆಯೂ ಸಿಗುತ್ತಿರಲಿಲ್ಲ. ಫ್ರಿಲ್ಲು ಮತ್ತು ನಿರಿಗೆಯ ಪಾಠವನ್ನು ನಾನು ಹಳೆಯ ಪೇಪರಿನಲ್ಲೇ ಮಾಡಿಸುತ್ತಿದ್ದೆ. ಹುಡುಗಿಯರು ಪೇಪರನ್ನು ಬೆರಳಗಲಕ್ಕೆ ಮಡಿಸಿ ಮಡಿಸಿ, ಅನ್ನದ ಅಂಟು ಹಚ್ಚಿ, ಗೋಡೆಗೆ ಅಂಟಿಸುತ್ತಿದ್ದರು. ಹೊರಗಿನಿಂದ ಬಂದವರಿಗೆ ಯಾವುದೋ ಮದುವೆಗೆ ಚಪ್ಪರ ಕಟ್ಟುತ್ತಿದ್ದಾರೆ ಎನ್ನಿಸಬೇಕು, ಹಾಗಿತ್ತು ನಮ್ಮ ಹೊಲಿಗೆಯ ಕೋಣೆ.

ದಾರಿ ಸಿಕ್ಕಿದ್ದು ಲಂಗಗಳ ಒಳಗೇ. ನಮ್ಮ ಕಡೆ ಆಗ ಹುಡುಗಿಯರಿಗೆ ಲಂಗ ಹೊಲಿಸುವಾಗ ಬೇಕಾದ್ದಕ್ಕಿಂತ ಉದ್ದವಾಗಿಯೇ ಹೊಲಿಸುತ್ತಿದ್ದರು. ಹೆಚ್ಚಾದ ಬಟ್ಟೆಯನ್ನು ಅಂಚಿನ ಮೇಲುಗಡೆ ಅಡ್ಡಕ್ಕೆ ಮಡಿಸಿ ಸುತ್ತಲೂ ಹೊಲಿದುಬಿಡುವುದು. ಅದಕ್ಕೆ ಮಡಿಕೆ ಎನ್ನುತ್ತಿದ್ದೆವು. ಹುಡುಗಿ ಬೆಳೆದ ಹಾಗೆಲ್ಲ ಒಂದೊಂದು ಮಡಿಕೆ ಬಿಚ್ಚಿದರೆ ಲಂಗವೂ ಜೊತೆಗೆ ಬೆಳೆಯುತ್ತಿತ್ತು. ಗಿಡ್ಡ ಲಂಗಗಳ ಮಡಿಕೆ ಬಿಚ್ಚಿಸಿ, ಉದ್ದದವಕ್ಕೆ ಒಂದು ಹೆಚ್ಚು ಹಾಕಿಸಿ, ಶನಿವಾರ ಕಳೆದ ಮೇಲೆ ಎಲ್ಲವನ್ನೂ ಮೊದಲಿನಂತೆ ಮಾಡಿಕೊಟ್ಟರಾಯಿತು ಎಂದು ಲೆಕ್ಕ ಹಾಕಿದೆ. ಸೋಮವಾರ, ಮಂಗಳವಾರ ಹುಡುಗಿಯರು ಪಡಸಾಲೆಯಲ್ಲಿ ಸಾಲಾಗಿ ಕೂತು ಹೊಲಿಗೆ ಕಿತ್ತರು. ಬಿಚ್ಚಿದ ಕಡೆ ನೀರು ಚಿಮುಕಿಸಿ, ಕೆಂಡ ತುಂಬಿದ ಹಿತ್ತಾಳೆ ಚೊಂಬಿನಿಂದ ಒತ್ತಿದೆವು. ಮಡಿಕೆಯ ಒಳಗಿದ್ದ ಬಟ್ಟೆ ಬಿಸಿಲು ಕಾಣದ್ದರಿಂದ ಅಲ್ಲಿ ಮೊದಲಿನ ಬಣ್ಣವೇ ಉಳಿದಿರುತ್ತದೆ. ಮಾಸಿದ ಲಂಗದ ಮೇಲೆ ಕಡುಬಣ್ಣದ ಪಟ್ಟೆ, ಅದರ ಎರಡು ಕಡೆ ಸೂಜಿಯ ತೂತಿನ ಸಾಲು. ದೂರಕ್ಕೆ ಅದೂ ಒಂದು ಅಲಂಕಾರದಂತೆ ಕಾಣುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಅವರಲ್ಲಿ ಒಬ್ಬ ಹುಡುಗಿ ಉಳಿದವರಿಗಿಂತ ತಲೆಯಷ್ಟು ಎತ್ತರ. ಜೊತೆಯವರು ಅವಳನ್ನು ಗಳು ಎಂದು ಕರೆಯುತ್ತಿದ್ದರು, ಮನೆ ಕಟ್ಟುವಾಗ ನಿಲ್ಲಿಸುವ ಬಿದಿರಿನ ಗಳು. ಮಲ್ಲಿಪಟ್ಟಣದ ಹತ್ತಿರದ ಒಕ್ಕಲು ಮನೆಯವಳು, ಓದಿಗಾಗಿ ನಮ್ಮೂರಲ್ಲಿ ತಾಯಿಯ ತಾಯಿಯ ಮನೆಯಲ್ಲಿದ್ದಳು. ಲೆಕ್ಕದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬರುವ ವರ್ಷ ಲೋಯರ್ ಸೆಕೆಂಡರಿ ಪರೀಕ್ಷೆಗೆ ಕೂರಿಸಬೇಕಾದವರ ಪಟ್ಟಿಯಲ್ಲಿ ಹೆಡ್‌ಮಿಸ್ಟ್ರೆಸ್ಸರು ಮೊದಲು ಬರೆದ ಹೆಸರು ಅವಳದು. ನನಗೆ ಅವಳ ಮೇಲೆ ಒಂದೇ ಸಿಟ್ಟು. ಕವಾಯತಿನಲ್ಲಿ ಮೊಣಕಾಲು ಸ್ವಲ್ಪ ಬಗ್ಗಿಸಿಕೊಂಡೇ ನಿಲ್ಲುತ್ತಿದ್ದಳು. ನೆಟ್ಟಗೆ ನಿಲ್ಲೇ ಎಂದು ದಿನಕ್ಕೆ ಹತ್ತು ಸಲ ಬೈದಿದ್ದೇನೆ.

ಅವಳ ಇಟ್ಟಿಗೆ ಬಣ್ಣದ ದಪ್ಪ ನೂಲಿನ ಲಂಗ ನೆಲದಿಂದ ಆರು ಬೆರಳು ಮೇಲಿತ್ತು. ಮೇಲುಗಡೆ ನಾಲ್ಕು ಮಡಿಕೆ ಬಿಚ್ಚಿದ ಗುರುತು, ಇನ್ನೂ ಬಿಚ್ಚದ್ದು ಒಂದೇ. ಅದು ಬರೀ ಒಂದು ಬೆರಳಗಲ. ನಾನು ತರಗತಿಯಲ್ಲಿ ಕಲಿಸುತ್ತಿದ್ದುದು ಎರಡು ಬೆರಳಗಲದ ಮಡಿಕೆ, ಅದೇ ನೋಡಲು ಲಕ್ಷಣ. ಇದನ್ನು ಯಾವ ಜಿಪುಣಿ ಹೊಲಿದಳಪ್ಪಾ ಎಂದುಕೊಂಡೆ. ಬಿಚ್ಚು ಎಂದು ಸೋಮವಾರ ಹೇಳಿದರೆ ನಾಳೆ ಎಂದಳು. ಮಂಗಳವಾರ ಕೇಳಿದರೆ ಮರೆತೆ ಎಂದಳು. ಮಧ್ಯಾಹ್ನ ನಾನೇ ಕತ್ತರಿ ಹಿಡಿದು ಅವಳ ಕಾಲ ಬಳಿ ಕೂತೆ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

“ಬ್ಯಾಡಿ ಮೇಷ್ಟ್ರಮ್ಮ. ಇದೊಂದು ಇರ್ಲಿ.”

ನಿನ್ನೊಬ್ಬಳಿಗಾಗಿ ಸಾಲು ಕೆಡಿಸಲೇನೇ ಎಂದು ಗದರಿ ಅಂಚು ಹಿಡಿದೆಳೆದೆ. ಒಂದು ತುದಿಯ ಗಂಟು ಕತ್ತರಿಸಿ ದಾರ ಜಗ್ಗಿದೆ. ಕೈಹೊಲಿಗೆ, ಒಂದೇ ಎಳೆ. ನಾನು ಜಗ್ಗಿದ ಹಾಗೆ ಅವಳು ನಿಂತಲ್ಲೇ ಒಂದು ಸುತ್ತು ತಿರುಗಬೇಕಾಯಿತು, ದಾರ ಸರ್ರನೆ ಪೂರ್ತಿ ಈಚೆಗೆ ಬಂತು. ಆ ಸದ್ದಿನಲ್ಲಿ ಒಂದು ಖುಷಿಯಿದೆ, ಇಲ್ಲವೆಂದು ನಾನು ಸುಳ್ಳು ಹೇಳಲಾರೆ. ಕಡ್ಡಿ ಇಟ್ಟು ನೋಡಿದರೆ ಸರಿಯಾಗಿ ನಾಲ್ಕು ಬೆರಳು. ಶಭಾಷ್ ಎಂದು ತಲೆಯೆತ್ತಿದೆ. ಹುಡುಗಿ ನನ್ನ ಕೈಯ ದಾರವನ್ನೇ ನೋಡುತ್ತಿದ್ದಳು. ಅದನ್ನು ಇಸಿದುಕೊಂಡು ಬೆರಳಿಗೆ ಸುತ್ತಿಕೊಂಡು ಹೋದಳು.

ಬುಧವಾರ ಅವಳು ಬರಲಿಲ್ಲ. ಅವಳ ಬದಲು ಬೇರೆ ಹುಡುಗಿಯರ ಮೂವರು ತಾಯಂದಿರು ಬಂದರು. ಮುಂದಿನ ವರ್ಷಕ್ಕೆಂದು ಇಟ್ಟಿದ್ದ ಮಡಿಕೆಯನ್ನು ಕೇಳದೆ ಬಿಚ್ಚಿದ್ದು ಯಾಕೆ ಎಂದು ಹೆಡ್‌ಮಿಸ್ಟ್ರೆಸ್ಸರ ಮುಂದೆಯೇ ನನ್ನನ್ನು ವಿಚಾರಿಸಿಕೊಂಡರು. ತಿರುಗಿ ಹಾಕಿಕೊಡುತ್ತೇನೆ ಎಂದು ಮೂವರಿಗೂ ಮಾತು ಕೊಟ್ಟೆ. ಅವರು ಹೋದ ಮೇಲೆ ನೀರಿನ ಹಂಡೆ ತೊಳೆಯುತ್ತಿದ್ದ ನಮ್ಮ ಶಾಲೆಯ ಆಯಾ ನನ್ನನ್ನು ಹತ್ತಿರ ಕರೆದಳು.

“ಎಂತಾ ಕೆಲ್ಸ ಮಾಡ್ಬುಟ್ರಿ ಮೇಷ್ಟ್ರಮ್ಮ. ಆ ಉದ್ದುಡುಗಿಗೆ ಲಂಗದಾಗೆ ಮಡಿಕೆ ಇರಗಂಟ ಇಸ್ಕೂಲು ಅಂತ ಅವರ ಮನೇಲಿ ಮಾತಾಗಿತ್ತು ಕಣ್ರವ್ವ. ಕಡೇದನ್ನ ನೀವು ಬಿಚ್ಬುಟ್ರಿ. ಊರಿಗೆ ಸುದ್ದಿ ಓಯ್ತಂತೆ, ಬಾನ್ವಾರ ಅವರಪ್ಪ ಸೀರೆ ತಕಂಡು ಬತ್ತಾನಂತೆ.”

ಉಳಿದದ್ದನ್ನು ಅವಳು ಪಾತ್ರೆ ಉಜ್ಜುತ್ತಲೇ ಹೇಳಿದಳು. ಹುಡುಗಿಯ ನಾಲ್ಕನೆಯ ಕ್ಲಾಸು ಮುಗಿದಾಗಲೇ ಅಪ್ಪ ಸಾಕು ಎಂದಿದ್ದ. ಆಗ ಅಜ್ಜಿ, ಈಗಷ್ಟೇ ದಪ್ಪ ಬಟ್ಟೆಯ ಲಂಗ ಹೊಲಿಸಿದೆ, ಅದರಲ್ಲಿ ಮಡಿಕೆ ಇರುವವರೆಗೆ ಓದಲಿ, ಕೊನೆಯ ಮಡಿಕೆ ಬಿಚ್ಚಿದ ದಿನ ಹುಡುಗಿ ದೊಡ್ಡವಳಾದಳು ಅಂತ ಲೆಕ್ಕ, ಸೀರೆ ಉಡಿಸಿ ಕರೆದುಕೊಂಡು ಹೋಗಿ ಎಂದು ಅಳಿಯನ ಹತ್ತಿರ ಒಪ್ಪಂದ ಮಾಡಿಕೊಂಡಿದ್ದಳಂತೆ. ನಮ್ಮ ಕಡೆ ಸೀರೆ ಉಟ್ಟವಳು ಮಿಡ್ಲ್ ಸ್ಕೂಲಿನ ಮೆಟ್ಟಿಲು ಹತ್ತುವುದು ಆಗ ಇರಲಿಲ್ಲ. ಅದರ ಮೇಲೆ ಈ ಕಂಟ್ರೋಲು. ಸಿಗುವ ಒಂದು ಚೂರು ಬಟ್ಟೆಯನ್ನು ಇನ್ನೊಂದು ಲಂಗಕ್ಕೆ ಯಾರು ಹಾಕುತ್ತಾರೆ? ಸೀರೆಯಾದರೆ ಮದುವೆಯ ಆಚೆಗೂ ಬರುತ್ತದೆ.

ನನಗೆ ಆಗ ಅವಳ ಮೊಣಕಾಲು ನೆನಪಾಯಿತು. ಲಂಗ ಗಿಡ್ಡವಾಗಿದೆ ಎಂದು ಮನೆಯಲ್ಲಿ ಯಾರಿಗೂ ಕಾಣಬಾರದೆಂದು, ಆ ಒಂದು ಮಡಿಕೆ ಉಳಿಸಿಕೊಳ್ಳಲು, ಹುಡುಗಿ ತಿಂಗಳುಗಟ್ಟಲೆ ಬಗ್ಗಿ ನಡೆದಿದ್ದಳು. ನಾನು ನೆಟ್ಟಗೆ ನಿಲ್ಲೇ ಎಂದು ಬೈಯುತ್ತಿದ್ದೆ. ನನ್ನ ಮೇಲೆ ನನಗೆ ಬಂದಷ್ಟು ಸಿಟ್ಟು ಬೇರೆ ಯಾರ ಮೇಲೂ ಯಾವತ್ತೂ ಬಂದಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಬರೀ ಗಂಡಸರಿಗೆ ಹೇಳಿದ ಮಾತಲ್ಲ.

ಅವತ್ತೇ ಶಾಲೆ ಬಿಟ್ಟ ಕೂಡಲೇ ಅವರ ಮನೆಗೆ ಹೋದೆ. ಹೊಳೆಯ ಕಡೆಗಿನ ಬೀದಿಯಲ್ಲಿ ತಗ್ಗಾದ ಹೆಂಚಿನ ಮನೆ. ಅಜ್ಜಿ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಹುಡುಗಿ ಹರಿದ ಹಳೆಯ ಲಂಗದಲ್ಲಿ ಬಾಗಿಲ ಹಿಂದೆ ನಿಂತಳು. ತಪ್ಪು ನನ್ನದು, ಬಿಚ್ಚಿದ ಮಡಿಕೆಯನ್ನು ಹಾಗೇ ತಿರುಗಿ ಹೊಲಿದುಕೊಡುತ್ತೇನೆ ಎಂದೆ. ಅಜ್ಜಿ ಅವರೆಕಾಯಿಯಿಂದ ಕಣ್ಣು ತೆಗೆಯಲಿಲ್ಲ.

“ಮಾತು ಆಡಿದ್ರೆ ಓಯ್ತು, ಮುತ್ತು ಒಡೆದ್ರೆ ಓಯ್ತು ಕಣವ್ವ. ಲಂಗ ಕಾಲ್ ಮುಚ್ಬೇಕು, ಮಡಿಕೆನೂ ಇರಬೇಕು. ಎಲ್ಡೂ ಇದ್ರೆ ಇಸ್ಕೂಲು. ಅಂಗಂತ ಅಳಿಯಂದ್ರಿಗೆ ನಾನೇ ಮಾತು ಕೊಟ್ಟಿವ್ನಿ. ನೀನು ಬಿಚ್ಚಿದ್ಮೇಲೆ ಅಳತೆಗೆ ಸರ್ಯಾಗಿ ಕೂತದೆ ಅಂತ ನನ್ನ ಕಣ್ಣೇ ಕಂಡದೆ. ಈಗ ಮಡಿಕೆ ಆಕುದ್ರೆ ಗಿಡ್ಡ, ಬುಟ್ರೆ ಮಡಿಕೆ ಇಲ್ಲ.”

ನಾನು ಇನ್ನೂ ಏನೇನೋ ಹೇಳಿದೆ. ಪರೀಕ್ಷೆ ಅಂದೆ, ಲೆಕ್ಕದಲ್ಲಿ ಮೊದಲು ಅಂದೆ. ಅಜ್ಜಿ ಹೂಂ ಹೂಂ ಎನ್ನುತ್ತ ಬುಟ್ಟಿ ಖಾಲಿ ಮಾಡಿದಳು. ಕೊನೆಗೆ ಒಳಗೆ ಹೋಗಿ ಆ ಲಂಗವನ್ನು ಮಡಚಿ ತಂದು ನನ್ನ ತೊಡೆಯ ಮೇಲಿಟ್ಟಳು. ಓದಿದವಳು ನೀನು, ತೆಗೆದುಕೊಂಡು ಹೋಗು, ಭಾನುವಾರ ಬೆಳಿಗ್ಗೆ ತಂದುಕೊಡು ಎಂದಷ್ಟೇ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಗುರುವಾರ ರಜೆ ಕೇಳಿಕೊಂಡು ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ನನ್ನ ತವರು ಅಲ್ಲೇ, ಅಣ್ಣನದು ಜವಳಿ ಅಂಗಡಿ. ಪೆಟ್ರೋಲು ಸಿಗದ ಕಾಲ, ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿದ್ದರು. ದಿಣ್ಣೆ ಬಂದಲ್ಲೆಲ್ಲ ನಾವು ಇಳಿದು ನಡೆಯಬೇಕು, ಬಸ್ಸು ಏದುಸಿರು ಬಿಟ್ಟು ಹತ್ತಿದ ಮೇಲೆ ಮತ್ತೆ ಹತ್ತಬೇಕು. ನನಗೋ ಬಸ್ಸಿಗಿಂತ ಮುಂದೆ ಓಡಿಬಿಡೋಣ ಎನ್ನಿಸುತ್ತಿತ್ತು. ಮಡಿಲಲ್ಲಿ ಆ ಲಂಗ. ಎಷ್ಟು ಸಲ ಬಿಡಿಸಿ ನೋಡಿದೆನೋ, ಪಕ್ಕದಲ್ಲಿ ಕೂತಿದ್ದ ಹೆಂಗಸು ಸಂಬಂಧ ನೋಡಲು ಹೊರಟಿದ್ದೀರಾ ಎಂದು ಕೇಳಿದಳು.

ಅಣ್ಣನ ಅಂಗಡಿಯ ಗೂಡುಗಳು ಖಾಲಿ ಹೊಡೆಯುತ್ತಿದ್ದವು. ಬಂದ ಚೂರುಪಾರನ್ನು ನುಗ್ಗೇಹಳ್ಳಿಯ ಮದುವೆಯವರು ಕಾರ್ಡು ತಂದು ಒಯ್ದಿದ್ದರು. ಇಟ್ಟಿಗೆ ಬಣ್ಣದ ದಪ್ಪ ಬಟ್ಟೆಯ ಮಾತು ಕೇಳಿ ಅಣ್ಣ ನಕ್ಕ. ನನ್ನ ಕಾರ್ಡಿನ ಪಾಲು ಮುಗಿದೇ ಹೋಗಿತ್ತು. ಅದರಲ್ಲಿ ಕೊಂಡಿದ್ದು ತನಿಖೆಗೆಂದೇ ಇಟ್ಟುಕೊಂಡಿದ್ದ, ಅವತ್ತು ತವರಿಗೆ ಹೋಗುತ್ತೇನೆಂದು ಉಟ್ಟಿದ್ದ, ಎಂಟು ಗಜದ ನೇರಳೆ ಸೀರೆ. ಕೊನೆಗೆ ಅಣ್ಣ ಸೊಳ್ಳೆಪರದೆಯ ಒಂದು ತುಂಡು, ಬಿಳಿ ಲಟ್ಟ ಬಟ್ಟೆಯ ಒಂದು ತುಂಡು ಹುಡುಕಿ ಕೊಟ್ಟ. ಬಿಳಿ ಲಟ್ಟವನ್ನು ಆ ಲಂಗದ ಬುಡಕ್ಕೆ ಹಿಡಿದು ನೋಡಿದರೆ ಕಾಲು ಮುರಿದವರಿಗೆ ಕಟ್ಟಿದ ಪಟ್ಟಿಯ ಹಾಗಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ತಂಗಿ ಎಂದ ಅಣ್ಣ. ಆ ಹುಡುಗಿಯ ಕಾಲು ನಿನ್ನ ಗಾದೆ ಕೇಳಬೇಕಲ್ಲ ಎಂದು ನಾನು ಊಟಕ್ಕೂ ನಿಲ್ಲದೆ ಹೊರಟೆ.

ಹಿಂದಿರುಗುವಾಗ ಅರ್ಧ ದಾರಿಯಲ್ಲಿ ಒಲೆ ಆರಿತು. ಕ್ಲೀನರು ಇದ್ದಿಲು ಕೆದಕಿ ಗಾಳಿ ಹಾಕುತ್ತಿದ್ದ, ನಾವು ರಸ್ತೆಯ ಪಕ್ಕ ನಿಂತಿದ್ದೆವು. ನಾನು ಅತ್ತಿಂದಿತ್ತ ಹೆಜ್ಜೆ ಹಾಕುತ್ತಿದ್ದೆ. ಅಜ್ಜಿಯ ಮಾತನ್ನು ಮತ್ತೆ ಮತ್ತೆ ತಿರುವಿ ಹಾಕಿದೆ. ಲಂಗ ಕಾಲು ಮುಚ್ಚಬೇಕು, ಮಡಿಕೆಯೂ ಇರಬೇಕು. ಹಾಗಾದರೆ ಲಂಗವನ್ನು ಬೇಕಾದ್ದಕ್ಕಿಂತ ಉದ್ದ ಮಾಡಿ, ಹೆಚ್ಚಾದದ್ದನ್ನು ಮತ್ತೆ ಮಡಿಕೆಯಾಗಿ ಎತ್ತಿ ಹೊಲಿಯಬೇಕು. ಉದ್ದ ಮಾಡಲು ಬುಡಕ್ಕೆ ಬರೀ ಪಟ್ಟಿ ಕೂಡಿಸಿದರೆ ತೇಪೆ ಎನ್ನುತ್ತಾರೆ. ನಿರಿಗೆ ಹಿಡಿದು ಫ್ರಿಲ್ಲು ಮಾಡಿದರೆ ಯಾರೂ ತೇಪೆ ಎನ್ನುವುದಿಲ್ಲ, ಶೋಕಿ ಎನ್ನುತ್ತಾರೆ. ಲಂಗದ ಸುತ್ತಳತೆ ಮೂರೂವರೆ ಗಜ, ಫ್ರಿಲ್ಲಿಗೆ ಅದರ ಎರಡರಷ್ಟು, ಏಳು ಗಜದ ಪಟ್ಟಿ ಬೇಕು. ಗಾಳಿಗೆ ನನ್ನ ಸೀರೆಯ ಅಂಚು ಪಟಪಟ ಹೊಡೆದುಕೊಳ್ಳುತ್ತಿತ್ತು. ನಾನು ನಿಂತುಬಿಟ್ಟೆ.

ಆ ಸೀರೆಯ ಅಂಚಿನಿಂದ ಒಂಬತ್ತು ಬೆರಳಗಲದ ಪಟ್ಟಿ ಉದ್ದಕ್ಕೆ ಕತ್ತರಿಸಿದರೆ ಏಳು ಗಜ ಸಿಕ್ಕೇ ಸಿಗುತ್ತದೆ. ಆಮೇಲೆ ಸೀರೆಯ ಅಗಲ ಒಂಬತ್ತು ಬೆರಳು ಕಡಿಮೆ, ಉಟ್ಟರೆ ನನ್ನ ಕಣಕಾಲು ಕಾಣುತ್ತದೆ. ಶನಿವಾರ ಉಡಲು ನನಗೆ ಬೇರೆ ಇದ್ದದ್ದು ತೇಪೆ ಹಾಕಿದ ಒಂದು, ಅಗಸನ ಮನೆಗೆ ಹೋಗಿ ಬಾರದ ಇನ್ನೊಂದು. ನನಗೆ ಭಯವಾಯಿತು. ಸೀರೆ ಹೋಗುತ್ತದೆಂದಲ್ಲ, ಕೆಲಸ ಹೋದರೆ ಚನ್ನರಾಯಪಟ್ಟಣಕ್ಕೆ ಹಿಂದಿರುಗಿ ಅಣ್ಣನ ಅಂಗಡಿಯ ಹಿಂದೆ ಕೂರಬೇಕು ಎಂದು. ಬಸ್ಸಿನ ಒಲೆ ಮತ್ತೆ ಹೊತ್ತಿಕೊಳ್ಳುವಷ್ಟರಲ್ಲಿ ನಿರ್ಧಾರ ಮಾಡಿದ್ದೆ. ಇನ್ನೂ ಯೋಚಿಸಿದ್ದರೆ ಮಾಡುತ್ತಿರಲಿಲ್ಲ, ನನ್ನ ಆತುರ ಒಂದು ಸಲವಾದರೂ ಉಪಯೋಗಕ್ಕೆ ಬಂತು.

ಶುಕ್ರವಾರ ಬೆಳಕು ಹರಿಯುತ್ತಲೇ ಶಾಲೆಯ ಪಡಸಾಲೆಯಲ್ಲಿ ಸೀರೆ ಹಾಸಿದೆ. ಕತ್ತರಿ ಓರೆಯಾಗದಿರಲು ಒಂಬತ್ತು ಬೆರಳಿನ ಅಳತೆಯಲ್ಲಿ ಒಂದು ನೂಲನ್ನು ಉದ್ದಕ್ಕೂ ಎಳೆದು ತೆಗೆದು, ಆ ಖಾಲಿ ಗೆರೆಯ ಮೇಲೆ ಕತ್ತರಿಸಬೇಕು. ಆಯಾ ಇನ್ನೊಂದು ತುದಿ ಹಿಡಿದು ಕೂತಿದ್ದಳು. ಮೊದಲ ಕತ್ತರಿ ಬಿದ್ದಾಗ ಅವಳು ಅಯ್ಯೋ ಎಂದು ಬಾಯಿಗೆ ಸೆರಗು ಇಟ್ಟುಕೊಂಡಳು. ಸೀರೆಯ ಹಳದಿ ಅಂಚು ಪಟ್ಟಿಯ ಕಡೆಗೇ ಬಂದದ್ದರಿಂದ ಫ್ರಿಲ್ಲಿನ ಬುಡಕ್ಕೆ ಬೇರೆ ಹೊಲಿಗೆ ಬೇಕಿರಲಿಲ್ಲ.

ಮೊದಲು ಸುರುಕು ಹಿಡಿಯೋಣವೆಂದು ಪಟ್ಟಿಯ ಮೇಲಂಚಿಗೆ ಉದ್ದುದ್ದ ಹೊಲಿಗೆ ಹಾಕಿ ದಾರ ಎಳೆದೆ. ಯುದ್ಧ ಕಾಲದ ದಾರ, ಒಂದು ಗಜ ಸುರುಕು ಬರುವಷ್ಟರಲ್ಲಿ ಪಟ್ಟೆಂದಿತು. ಜೋಡಿ ದಾರ ಹಾಕಿದೆ, ಅದೂ ತುಂಡಾಯಿತು. ಮೂರನೆಯ ಸಲ ತುಂಡಾದಾಗ ಸುರುಕು ಬೇಡ ಎಂದು ನಿರಿಗೆಗೆ ಇಳಿದೆ. ತೆಂಗಿನ ಕಡ್ಡಿಯನ್ನು ಬಟ್ಟೆಯ ಮೇಲಿಟ್ಟು ಅದರ ಮೇಲೆ ಮಡಿಸುವುದು, ಕಡ್ಡಿ ಜಾರಿಸಿ ತೆಗೆಯುವುದು, ಗಂಜಿ ಸವರಿ ಕೆಂಡದ ಚೊಂಬು ಒತ್ತುವುದು. ನಿರಿಗೆ ಒಂದರ ಪಕ್ಕ ಒಂದು ತುಂಬಿಕೊಂಡು ಬಂದವು. ನೋಡಲು ಎಷ್ಟು ಚೆನ್ನಾಗಿತ್ತೆಂದರೆ ನಾನು ಅಳತೆ ಮರೆತೆ. ಕಾಣುವುದು ಒಂದು ಬೆರಳು, ಒಳಗೆ ಮಡಿಸಿದ್ದೂ ಒಂದು ಬೆರಳು. ಅಂದರೆ ಒಂದು ಬೆರಳಿಗೆ ಮೂರು ಬೆರಳು ಬಟ್ಟೆ ನುಂಗುತ್ತಿತ್ತು. ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಏಳು ಗಜವೂ ಮುಗಿದಿತ್ತು. ಲಂಗಕ್ಕೆ ಸುತ್ತಿ ನೋಡಿದರೆ ಮೂರರಲ್ಲಿ ಎರಡು ಪಾಲಿಗೆ ನಿಂತುಬಿಟ್ಟಿತ್ತು.

ಪೇಪರಿನಲ್ಲಿ ಹುಡುಗಿಯರಿಗೆ ನೂರು ಸಲ ಹೇಳಿಕೊಟ್ಟ ಲೆಕ್ಕ ಅದು. ಗಂಜಿ ಹಾಕಿದ್ದನ್ನೆಲ್ಲ ನೀರಲ್ಲಿ ನೆನೆಸಿ, ಬಿಡಿಸಿ, ಹಿಂಡಿ ಒಣಹಾಕಿದೆ. ಅಳು ಬಂತು, ಅಳುತ್ತಲೇ ಹಾಜರಿ ಕರೆದೆ. ಮಧ್ಯಾಹ್ನದ ಹೊಲಿಗೆಯ ಹೊತ್ತಿಗೆ ಬೇರೆ ದಾರಿ ಕಾಣದೆ ವಿಷಯವನ್ನು ಇದ್ದದ್ದು ಇದ್ದ ಹಾಗೆ ಹುಡುಗಿಯರಿಗೆ ಹೇಳಿದೆ. ಏಳು ಹುಡುಗಿಯರು ಸಾಲಾಗಿ ಕೂತರು, ಪಟ್ಟಿಯ ಒಂದೊಂದು ಗಜ ಒಬ್ಬೊಬ್ಬಳ ತೊಡೆಯ ಮೇಲೆ. ಕಾಣುವುದು ಒಂದು ಬೆರಳು, ಒಳಗೆ ಅರ್ಧ ಬೆರಳು. ಪೇಪರು ಮಡಿಸಿ ಪಳಗಿದ ಕೈಗಳು ಬಟ್ಟೆ ಸಿಕ್ಕಿದ್ದಕ್ಕೆ ಹಿಗ್ಗಿದವು. ಒಬ್ಬಳ ನಿರಿಗೆ ಎಡಕ್ಕೆ ವಾಲಿತು, ಇನ್ನೊಬ್ಬಳದು ಬಿಗಿ, ಮತ್ತೊಬ್ಬಳ ಬೆರಳೇ ದಪ್ಪ. ತಿದ್ದಬೇಕೆಂದು ನನ್ನ ಕೈ ಕುಣಿಯುತ್ತಿತ್ತು, ನಾಲಿಗೆ ಕಚ್ಚಿಕೊಂಡು ಸುಮ್ಮನಿದ್ದೆ. ಏಳೂ ಜನರದು ಸೇರಿ ಮೂರೂವರೆ ಗಜಕ್ಕೆ ಸರಿಯಾಗಿ ಬಂತು.

ಶಾಲೆಯಲ್ಲಿದ್ದ ಒಂದೇ ಒಂದು ಕೈಮಿಷನ್ನಿನಲ್ಲಿ ಫ್ರಿಲ್ಲನ್ನು ಲಂಗಕ್ಕೆ ಕೂಡಿಸಿದೆ. ಒಂದು ಬೆರಳು ಹೊಲಿಗೆಯೊಳಗೆ ಹೋಗಿ ಎಂಟು ಬೆರಳು ಉದ್ದ ಹೆಚ್ಚಿತು. ಆ ಎಂಟು ಬೆರಳನ್ನು ಮೇಲೆ ಎತ್ತಿ, ಬಿಚ್ಚಿದ ಮಡಿಕೆಯ ಕಡುಬಣ್ಣದ ಪಟ್ಟೆಯೂ ತೂತಿನ ಸಾಲೂ ಮುಚ್ಚಿಹೋಗುವ ಹಾಗೆ, ಎರಡೆರಡು ಬೆರಳಗಲದ ಎರಡು ಮಡಿಕೆ ಹಾಕಿದೆ. ನನ್ನ ಪಾಠದ ಅಳತೆ, ಲಕ್ಷಣವಾದ ಮಡಿಕೆ. ಇಟ್ಟಿಗೆ ಬಣ್ಣದ ಬುಡದಲ್ಲಿ ನೇರಳೆ ಫ್ರಿಲ್ಲು, ಅದರ ತುದಿಗೆ ಹಳದಿ ಗೆರೆ. ಬಹಳ ದಿನಗಳ ಮೇಲೆ ಅವತ್ತು ಸುಮ್ಮನೆ ಕೂತು ಒಂದು ಲೋಟ ಕಾಫಿ ಕುಡಿದೆ.

ಶನಿವಾರ ಆ ಗಿಡ್ಡ ಸೀರೆಯನ್ನೇ ಉಟ್ಟು ನಿಂತೆ. ಸೊಂಟದಲ್ಲಿ ಎಷ್ಟು ಕೆಳಗೆ ಕಟ್ಟಿದರೂ ಕಣಕಾಲು ಕಾಣುತ್ತಿತ್ತು. ಹೆಡ್‌ಮಿಸ್ಟ್ರೆಸ್ಸರು ನನ್ನನ್ನು ಕಂಡು ಮಾತು ನಿಲ್ಲಿಸಿ, ಹಿಂದಿನ ಸಾಲಿನಲ್ಲಿ ನಿಲ್ಲಿ ಎಂದರು. ಅಂಗಳದಲ್ಲಿ ಲಂಗಗಳ ಅಂಚು ನಿಜವಾಗಿಯೂ ಗೆರೆ ಎಳೆದ ಹಾಗಿತ್ತು. ನೆಲದಿಂದ ನಾಲ್ಕು ಬೆರಳಿಗೆ ಸರಿಯಿಲ್ಲದವಳು ಇಡೀ ಶಾಲೆಯಲ್ಲಿ ನಾನೊಬ್ಬಳೇ. ಪ್ರದರ್ಶನಕ್ಕೆ ಪೇಪರಿನ ಫ್ರಿಲ್ಲುಗಳ ನಡುವೆ ಆ ಲಂಗವನ್ನೂ ತೂಗುಹಾಕಿದ್ದೆವು. ಇನ್‌ಸ್ಪೆಕ್ಟ್ರೆಸ್ ಅದರ ಫ್ರಿಲ್ಲನ್ನು ಬೆರಳಲ್ಲಿ ತಿಕ್ಕಿ ನೋಡಿದರು, ಆಮೇಲೆ ನನ್ನ ಸೀರೆ ನೋಡಿದರು, ಕಾಲು ನೋಡಿದರು. ಈ ಲಂಗದ ಹುಡುಗಿ ಎಲ್ಲಿ ಎಂದು ಕೇಳಿದರು. ಮನೆಯಲ್ಲಿದ್ದಾಳೆ, ಸೋಮವಾರ ಬರುತ್ತಾಳೆ ಎಂದೆ. ಅದು ನಿಜವಾಗುತ್ತದೋ ಇಲ್ಲವೋ ನನಗೇ ಗೊತ್ತಿರಲಿಲ್ಲ.  ಮಕ್ಕಳ ಕೆಲಸ ತೃಪ್ತಿಕರ, ಹೊಲಿಗೆ ಶಿಕ್ಷಕಿಯ ಉಡುಪು ಹುದ್ದೆಗೆ ತಕ್ಕಂತಿಲ್ಲ, ಕಾಯಂ ಮಾಡುವುದನ್ನು ಆರು ತಿಂಗಳ ನಂತರ ಯೋಚಿಸಬಹುದು ಎಂದು ಪುಸ್ತಕದಲ್ಲಿ ಬರೆದು ಹೋದರು. ಓದಿ ಕಿವಿ ಬಿಸಿಯಾಯಿತು. ಆದರೂ ಕೆಲಸ ಹೋಗಿರಲಿಲ್ಲ.

ಭಾನುವಾರ ನಾನು ಹೋಗುವಷ್ಟರಲ್ಲಿ ಹುಡುಗಿಯ ಅಪ್ಪ ಬಂದಾಗಿತ್ತು. ಬೀದಿಯಲ್ಲಿ ಗಾಡಿ ಬಿಟ್ಟಿತ್ತು, ಎತ್ತುಗಳನ್ನು ಕಟ್ಟಿಹಾಕಿದ್ದ. ದೊಡ್ಡ ಆಳು, ಮೆಲುಮಾತಿನವನು. ಜಗಲಿಯಲ್ಲಿ ಕೂತು ಪೇಪರು ಸುತ್ತಿದ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಅಜ್ಜಿ ಅಳಿಯನ ಎದುರು ಬರುವವಳಲ್ಲ, ಆಡುವ ಮಾತೆಲ್ಲ ಮರೆಯಿಂದಲೇ, ಅಡುಗೆಮನೆಯ ಬಾಗಿಲ ಹಿಂದಿದ್ದಳು. ಲಂಗವನ್ನು ಒಳಗೆ ಕೊಟ್ಟೆ. ಸ್ವಲ್ಪ ಹೊತ್ತಿಗೆ ಹುಡುಗಿ ಅದನ್ನು ಉಟ್ಟು ಹೊರಗೆ ಬಂದಳು. ಮೊಣಕಾಲು ಬಗ್ಗಿಸಿರಲಿಲ್ಲ. ಅವಳು ಇಷ್ಟು ಎತ್ತರ ಎಂದು ನಾನು ಕಂಡದ್ದು ಆಗಲೇ.

ಇದೇನಿದು ಬುಡಕ್ಕೆ ಬೇರೆ ಬಣ್ಣ ಎಂದು ಅಪ್ಪ ಕೇಳಿದ. ಒಳಗಿನಿಂದ ಅಜ್ಜಿಯ ದನಿ ಬಂತು, ಅಳಿಯನಿಗಲ್ಲ, ಮೊಮ್ಮಗಳಿಗೆ.

“ಮಡಿಕೆ ಎಷ್ಟವೆ ಅಂತ ನಿಮ್ಮಪ್ಪಂಗೆ ಏಳವ್ವ.”

ಎರಡು ಎಂದಳು ಹುಡುಗಿ. ಅಪ್ಪ ಬಗ್ಗಿ ಲಂಗದ ಮಡಿಕೆಯನ್ನು ಹೆಬ್ಬೆರಳಲ್ಲಿ ಒತ್ತಿ ತಾನೇ ಎಣಿಸಿದ. ಅಂಚು ಕಾಲು ಮುಚ್ಚಿದೆಯೇ ಎಂದು ನೋಡಿದ. ಆಮೇಲೆ ಫ್ರಿಲ್ಲನ್ನು ನೋಡಿ, ನನ್ನ ಸೀರೆಯ ಬುಡ ನೋಡಿದ.  ನಾನು ಸೆರಗಿನ ನೂಲು ಕೀಳುತ್ತ ಕೀಳುತ್ತ ಒಂದು ಬೆರಳಷ್ಟು ಸೆರಗೇ ಬಿಚ್ಚಿಕೊಂಡಿತು.

“ಮಾತು ಅಂದ್ರೆ ಮಾತೇಯ. ಮಡಿಕೆ ಅವೆ,” ಎಂದ ಕೊನೆಗೆ. ತೊಡೆಯ ಮೇಲಿನ ಪೇಪರಿನ ಗಂಟನ್ನು ಚೀಲಕ್ಕೆ ತುರುಕಿ, “ಇದು ಇವರವ್ವಂಗಾಯ್ತದೆ,” ಎಂದು ಎದ್ದು, ಎತ್ತುಗಳನ್ನು ಬಿಚ್ಚಿಕೊಂಡು ನೀರು ಕುಡಿಸಲು ಹೊಳೆಯ ಕಡೆ ಹೊರಟ.

ಅವನು ಬೀದಿಯ ತಿರುವು ದಾಟಿದ್ದೇ ಅಜ್ಜಿ ಈಚೆಗೆ ಬಂದಳು. ನನಗೆ ಒಂದು ಒಳ್ಳೆಯ ಮಾತು ಸಿಗಬಹುದೆಂದು ಕಾದೆ. ಅವಳು ಮೊಮ್ಮಗಳ ಲಂಗದ ಮುಂದೆ ಕೂತು ನನ್ನ ಮಡಿಕೆಯ ಪಕ್ಕ ತನ್ನ ಬೆರಳಿಟ್ಟು ಅಳೆದಳು.

“ಇಷ್ಟಗಲ ಯಾಕಾಕ್ದೆ ತಾಯಿ? ಬೆರಳಗಲ ಆಕಿದ್ರೆ ಇದ್ರಾಗೇ ನಾಕು ಆಗ್ತಿದ್ವಲ್ಲ. ಆಸನದ ಐಸ್ಕೂಲಿಗೂ ಆಯ್ತಿತ್ತು.”

ಜಿಪುಣಿಯ ಮಡಿಕೆ ಹೊಲಿದವಳು ಯಾರೆಂದು ನನಗೆ ಆಗ ತಿಳಿಯಿತು. ಅಳಿಯನ ಜೊತೆ ಒಪ್ಪಂದ ಮಾಡಿಕೊಂಡು ಬಂದು ಆ ಲಂಗಕ್ಕೆ ಬೆರಳಗಲದ ಐದು ಮಡಿಕೆ ಹಾಕಿದ ಕೈ ಇದೇ. ನಾನು ಕಲಿಸುವ ಅಳತೆಯಲ್ಲಿ ಹೊಲಿದಿದ್ದರೆ ಈ ಹುಡುಗಿ ಎಂದೋ ಸೀರೆ ಉಟ್ಟು ಗಾಡಿ ಹತ್ತಿರುತ್ತಿದ್ದಳು. ನಾನು ತೊದಲುತ್ತ, ಅವರು ಎರಡು ಅಂತ ಎಣಿಸಿಬಿಟ್ಟರಲ್ಲ ಎಂದೆ.

“ಮಡಿಕೆ ಇರಗಂಟ ಅಂತ ಮಾತು. ಎಷ್ಟು ಅಂತ ಯಾರೂ ಆಡ್ಲಿಲ್ಲ. ಎತ್ತು ನೀರು ಕುಡ್ದು ಬರಕ್ಕೆ ಹೊತ್ತಾಯ್ತದೆ. ಒಂದನ್ನಾದ್ರೂ ಬಿಚ್ಚಿ ಎಲ್ಡು ಮಾಡು.”

ಹುಡುಗಿ ಒಳಗೆ ಹೋಗಿ ಹಳೆಯ ಲಂಗ ಉಟ್ಟು ಇದನ್ನು ತಂದು ನನ್ನ ತೊಡೆಯ ಮೇಲೆ ಹಾಕಿದಳು, ಜೊತೆಗೆ ಒಂದು ಸೂಜಿ. ಸೂಜಿಗೆ ಪೋಣಿಸಿದ್ದ ದಾರವನ್ನು ನೋಡಿದ ಕೂಡಲೇ ಗುರುತು ಸಿಕ್ಕಿತು. ಮಂಗಳವಾರ ನಾನು ಸರ್ರನೆ ಜಗ್ಗಿ ಕಿತ್ತದ್ದು. ಯುದ್ಧಕ್ಕೆ ಮುಂಚಿನ ದಾರ. ಅದರಲ್ಲೇ ಮೊದಲ ಮಡಿಕೆಯ ಮೂರೂವರೆ ಗಜ ಹೊಲಿದೆ, ಒಂದು ಸಲವೂ ತುಂಡಾಗಲಿಲ್ಲ.